ಸೈಕಲ್ಲಿನ ಸಿಂಗಾರ

ಅಕ್ಷರ ಕಲಿತ ಹೊಸದರಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದಬೇಕು ಅನ್ನಿಸುತ್ತದೆ. ಬಸ್ಸಿನ ಬೋರ್ಡು ಓದುತ್ತೇವೆ. ಬೆಂಕಿಪೊಟ್ಟಣ ಓದುತ್ತೇವೆ. ಗೊಬ್ಬರದ ಚೀಲದ ಮೇಲೆ ಬರೆದದ್ದನ್ನೂ ಬಿಡುವುದಿಲ್ಲ. ಸೈಕಲ್ಲನ್ನು ಯಾವಾಗಲಾದರೂ ಓದಿದ್ದೀರಾ?

ಗೋಡೆಗೆ ಒರಗಿಸಿದ ಹಳೆಯ ಸೈಕಲ್ಲು ಇದ್ದರೆ ಹತ್ತಿರ ಹೋಗಿ ನೋಡಿ. ಚೈನ್ ಕವರಿನ ಮೇಲೆ ಒಂದು ಹೆಸರು ಇರುತ್ತದೆ. ನಮ್ಮ ಹೊಳೆನರಸೀಪುರದ ಕಡೆಯ ಸೈಕಲ್ಲಾದರೆ ಮಡ್‌ಗಾರ್ಡಿನ ಮೇಲೆ 'ಶ್ರೀ ಲಕ್ಷ್ಮೀನರಸಿಂಹ ಪ್ರಸನ್ನ' ಅಂತ ಬರೆದಿರಬಹುದು. ಇಲ್ಲವೇ 'ತಾಯಿಯ ಆಶೀರ್ವಾದ' ಅಂತ ಇರಬಹುದು. ಮಡ್‌ಗಾರ್ಡಿನ ತುದಿಗೆ ಒಂದು ರಬ್ಬರಿನ ತುಂಡು ನೇತಾಡುತ್ತದೆ. ಅದರ ಮೇಲೆ ಹೂವಿನ ಚಿತ್ರ, ಹುಲಿಯ ಚಿತ್ರ, ಸಿನಿಮಾ ನಟರ ಚಿತ್ರ. ಫ್ರೇಮಿನ ಮೇಲೆ ಕಂಪನಿಯವರು ಕೊರೆದ ನಂಬರು. ಒಂದು ಕಾಲದಲ್ಲಿ ಪುರಸಭೆಯವರು ಸೈಕಲ್ಲಿಗೂ ತೆರಿಗೆ ಹಾಕುತ್ತಿದ್ದರು. ತೆರಿಗೆ ಕಟ್ಟಿದ ಗುರುತಿಗೆ ತಗಡಿನ ಬಿಲ್ಲೆ ಕೊಡುತ್ತಿದ್ದರು. ತೀರಾ ಹಳೆಯ ಸೈಕಲ್ಲಾದರೆ ಆ ಬಿಲ್ಲೆ ಇನ್ನೂ ಅಂಟಿಕೊಂಡಿದ್ದರೂ ಇರಬಹುದು.

ಓದಿದಿರಲ್ಲ, ಈಗ ಇನ್ನೊಂದು ಸಲ ಓದಿ. ಚೈನ್ ಕವರಿನ ಮೇಲಿನ ಹೆಸರು ಯಾರದು? ಹೆಚ್ಚಾಗಿ ಗಂಡಸಿನದು. 'ತಾಯಿಯ ಆಶೀರ್ವಾದ' ಎಂದು ಮಗ ಬರೆಸಿದ್ದಾನೆ. ಆ ತಾಯಿ ಆ ಸೈಕಲ್ಲನ್ನು ಒಂದು ದಿನವಾದರೂ ತುಳಿದಿದ್ದಾಳೆಯೇ?

ಮಾವನ ಮನೆಯ ಸೈಕಲ್ಲು

ನಮ್ಮ ಕಡೆ ಮದುವೆಯಲ್ಲಿ ಗಂಡಿಗೆ ವರೋಪಚಾರ ಅಂತ ಕೊಡುತ್ತಿದ್ದರು. ವಾಚು, ರೇಡಿಯೋ, ಸೈಕಲ್ಲು. ಎಷ್ಟೋ ಮನೆಗಳಲ್ಲಿ ಈ ಮೂರರ ಮಾತು ಮುಗಿಯದೆ ಲಗ್ನಪತ್ರಿಕೆ ಬರೆಯುತ್ತಿರಲಿಲ್ಲ. ವರದಕ್ಷಿಣೆ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ ಎಂದು 1961ರಲ್ಲೇ ಕಾನೂನು ಬಂತು. ಸೈಕಲ್ಲು ಮಾತ್ರ ಬರುತ್ತಲೇ ಇತ್ತು. ಹೆಣ್ಣಿನ ಅಪ್ಪ ಆಲೂಗಡ್ಡೆ ಮಾರಿದ ದುಡ್ಡಿನಲ್ಲಿ ತಂದ ಸೈಕಲ್ಲು. ಇಲ್ಲವೇ ಸಾಲ ಮಾಡಿ ತಂದದ್ದು. ಮನೆ ಬಾಗಿಲಿಗೆ ಬಂದ ಮೇಲೆ ಅದು ಅಳಿಯನದು.

ಅಳಿಯ ಅದಕ್ಕೆ ಬಗೆಬಗೆಯ ಸಿಂಗಾರ ಮಾಡಿಸುತ್ತಿದ್ದ. ಹೆಂಡತಿ ಸೀಟಿಗೆ ಉಲ್ಲನ್ನಿನ ಕವರು ಹೆಣೆಯುತ್ತಿದ್ದಳು. ಹ್ಯಾಂಡಲ್ಲಿಗೆ ಕುಚ್ಚು ಕಟ್ಟುತ್ತಿದ್ದಳು. ಮಳೆಯಲ್ಲಿ ಕೆಸರಾಗಿ ಬಂದರೆ ತೊಳೆಯುತ್ತಿದ್ದಳು. ಹಬ್ಬದ ದಿನ ಹೂ ಮುಡಿಸುತ್ತಿದ್ದಳು. ಆಮೇಲೆ ಹಿಂದಿನ ಕ್ಯಾರಿಯರಿನ ಮೇಲೆ ಒಂದೇ ಪಕ್ಕಕ್ಕೆ ಕೂತು, ಒಂದು ಕೈಯಲ್ಲಿ ಮಗು ಹಿಡಿದು, ಜಾತ್ರೆಗೆ ಹೋಗುತ್ತಿದ್ದಳು.

ಅಂದರೆ ಸೈಕಲ್ಲಿನ ಸಿಂಗಾರದಲ್ಲಿ ಅರ್ಧ ಕೆಲಸ ಹೆಂಗಸಿನದೇ. ಸವಾರಿ ಮಾತ್ರ ಅವಳದಲ್ಲ. ಈಗ ಗಂಡಸರು ಬೈಕು ಹತ್ತಿದ್ದಾರೆ. ಹಳೆಯ ಸೈಕಲ್ಲು ಎಷ್ಟೋ ಮನೆಯಲ್ಲಿ ಸುಮ್ಮನೆ ನಿಂತಿದೆ. ಅದನ್ನು ಗುಜರಿಗೆ ಹಾಕುವ ಮೊದಲು ಒಂದು ಸಲ ಸರಿಯಾಗಿ ನೋಡೋಣ. ಅದನ್ನು ಹೇಗೆ ಜೋಡಿಸಿದ್ದಾರೆ? ಯಾವ ಸಿಂಗಾರ ಯಾತಕ್ಕೆ? ನಮಗೆ ಬೇಕಾದ ಹಾಗೆ ಅದನ್ನು ಬದಲಾಯಿಸಲು ಆಗುತ್ತದೆಯೇ?

ಬಿಡಿಬಿಡಿಯಾಗಿ ಬಂದು ಒಂದಾಗುವುದು

ಸೈಕಲ್ಲು ಅಂಗಡಿಗೆ ಬರುವಾಗ ಇಡೀ ಸೈಕಲ್ಲಾಗಿ ಬರುವುದಿಲ್ಲ. ಬಿಡಿ ಭಾಗಗಳಾಗಿ ಬರುತ್ತದೆ. ಪಂಜಾಬಿನ ಲೂಧಿಯಾನ ಎಂಬ ಊರು ಇದಕ್ಕೆ ಹೆಸರುವಾಸಿ. ಹೀರೋ ಕಂಪನಿಯವರು 1956ರಲ್ಲಿ ಅಲ್ಲೇ ಸೈಕಲ್ಲು ಮಾಡಲು ಸುರು ಮಾಡಿದರು. ಹರಿಯಾಣದ ಸೋನಿಪತ್‌ನಲ್ಲಿ ಅಟ್ಲಾಸ್ 1951ರಲ್ಲಿ ಸುರುವಾಯಿತು. ನಮಗೆ ಹತ್ತಿರದ ಮದರಾಸಿನ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್, ಬಿ.ಎಸ್.ಎ. ಸೈಕಲ್ಲುಗಳನ್ನು ಮಾಡಿದರು. ಅಟ್ಲಾಸ್‌ನವರ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಬಾಗಿಲು ಹಾಕಿತು. ಆವತ್ತೇ ವಿಶ್ವ ಸೈಕಲ್ ದಿನ. ಎಂಥ ದಿನ ನೋಡಿಕೊಂಡು ಮುಚ್ಚಿದರು ನೋಡಿ!

ಫ್ರೇಮು ಎಂದರೆ ಸೈಕಲ್ಲಿನ ಬೆನ್ನುಮೂಳೆ. ಕಬ್ಬಿಣದ ಕೊಳವೆಗಳನ್ನು ಸೇರಿಸಿ ಮಾಡಿದ್ದು. ಅದಕ್ಕೆ ಮುಂದೆ ಫೋರ್ಕು. ಫೋರ್ಕಿಗೆ ಮುಂದಿನ ಚಕ್ರ. ಹಿಂದೆ ಹಿಂದಿನ ಚಕ್ರ. ನಡುವೆ ಪೆಡಲ್ಲು, ಚೈನು. ಮೇಲೆ ಸೀಟು. ಇಷ್ಟನ್ನೂ ಸೈಕಲ್ ಶಾಪಿನವರು ಎರಡು ಮೂರು ಪಾನಾ ಹಿಡಿದುಕೊಂಡು ಜೋಡಿಸುತ್ತಾರೆ. ಸೈಕಲ್ಲಿನ ಹುಚ್ಚು ಇರುವವರು ಕಂಪನಿ ಕೊಟ್ಟದ್ದನ್ನು ಹಾಗೇ ಒಪ್ಪುತ್ತಿರಲಿಲ್ಲ. ಫ್ರೇಮು ಒಂದು ಕಂಪನಿಯದು, ರಿಮ್ಮು ಇನ್ನೊಂದರದು, ಬೆಲ್ಲು ಮತ್ತೊಂದರದು. ಗುಜರಿ ಅಂಗಡಿಯಲ್ಲಿ ಹುಡುಕಿ ತಂದ ಹಳೆಯ ಸೀಟು. ಹೀಗೆ ಒಂದೊಂದಾಗಿ ಕೂಡಿಸಿ ತಮ್ಮದೇ ಸೈಕಲ್ಲು ಮಾಡಿಕೊಳ್ಳುತ್ತಿದ್ದರು. ಕೈಯಲ್ಲಿ ದುಡ್ಡು ಆಡಿದಾಗ ಒಂದು ಭಾಗ, ಇನ್ನೊಂದು ಬೆಳೆ ಬಂದಾಗ ಇನ್ನೊಂದು ಭಾಗ.

ಈ ಕೆಲಸದಲ್ಲಿ ಕಷ್ಟದ್ದು ಯಾವುದು ಗೊತ್ತೇ? ಚಕ್ರ ಕಟ್ಟುವುದು. ಸಾಮಾನ್ಯ ದೊಡ್ಡ ಸೈಕಲ್ಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40 ಕಡ್ಡಿ. ಬೇಕಾದರೆ ಎಣಿಸಿ ನೋಡಿ. ಹಿಂದೆ ಯಾಕೆ ಹೆಚ್ಚು? ಸವಾರನ ಭಾರ, ಕ್ಯಾರಿಯರಿನ ಭಾರ ಹೆಚ್ಚಾಗಿ ಹಿಂದಕ್ಕೇ ಬೀಳುತ್ತದೆ. ಒಂದು ಕಡ್ಡಿಯನ್ನು ಕೈಯಲ್ಲಿ ಹಿಡಿದರೆ ಸುಲಭವಾಗಿ ಬಗ್ಗುತ್ತದೆ. ಅಂಥ ಕಡ್ಡಿಗಳು ಒಂದು ಮೂಟೆ ರಾಗಿ, ಮೇಲೆ ಒಬ್ಬ ಮನುಷ್ಯ, ಇಷ್ಟನ್ನು ಹೊರುವುದು ಹೇಗೆ?

ಕಂಬ ನೆಟ್ಟು ನಾಲ್ಕು ಕಡೆಯಿಂದ ಹಗ್ಗ ಎಳೆದು ಕಟ್ಟುತ್ತೇವಲ್ಲ, ಹಾಗೆ. ಹಗ್ಗವನ್ನು ತಳ್ಳಿದರೆ ಬಗ್ಗುತ್ತದೆ. ಎಳೆದು ಕಟ್ಟಿದರೆ ಬಿಗಿಯಾಗಿ ನಿಲ್ಲುತ್ತದೆ. ಚಕ್ರದ ಕಡ್ಡಿಯೂ ಎಳೆದು ಕಟ್ಟಿದ ಹಗ್ಗದ ಹಾಗೆ. ನಡುವಿನ ಹಬ್ಬನ್ನು ಸುತ್ತಲಿನ ರಿಮ್ಮಿಗೆ ಎಲ್ಲ ಕಡೆಯಿಂದಲೂ ಒಂದೇ ಸಮ ಎಳೆದು ಹಿಡಿದಿರುತ್ತದೆ. ಒಂದು ಕಡೆ ಬಿಗಿ ಹೆಚ್ಚಾಗಿ ಇನ್ನೊಂದು ಕಡೆ ಸಡಿಲ ಆದರೆ ಚಕ್ರ ಓಲಾಡುತ್ತದೆ. ಅದನ್ನೇ ಬೆಂಡು ಅನ್ನುತ್ತಾರೆ. ಬೆಂಡು ತೆಗೆಯುವವರನ್ನು ನೋಡಿ. ಚಕ್ರ ತಿರುಗಿಸುತ್ತಾರೆ, ಕಣ್ಣು ಕಿರಿದು ಮಾಡಿ ನೋಡುತ್ತಾರೆ, ಒಂದು ಕಡ್ಡಿ ಬಿಗಿ ಮಾಡುತ್ತಾರೆ, ಇನ್ನೊಂದು ಸಡಿಲ ಬಿಡುತ್ತಾರೆ. ರಂಗೋಲಿಯ ಎಳೆ ಸೊಟ್ಟ ಆದದ್ದು ನಮ್ಮ ಕಣ್ಣಿಗೆ ತಟ್ಟನೆ ಬೀಳುತ್ತದಲ್ಲ, ಅದೇ ಕಣ್ಣು ಈ ಕೆಲಸಕ್ಕೂ ಬೇಕು.

ಚೈನಿನ ಲೆಕ್ಕವನ್ನೂ ಒಸಿ ನೋಡೋಣ. ಪೆಡಲ್ಲಿನ ಹತ್ತಿರದ ದೊಡ್ಡ ಚಕ್ರಕ್ಕೆ 44 ಹಲ್ಲು ಇವೆ ಎಂದುಕೊಳ್ಳಿ. ಹಿಂದಿನ ಚಿಕ್ಕದಕ್ಕೆ 18 ಹಲ್ಲು. ಪೆಡಲ್ಲು ಒಂದು ಸುತ್ತು ಬಂದರೆ ಹಿಂದಿನ ಚಕ್ರ ಹತ್ತಿರ ಹತ್ತಿರ ಎರಡೂವರೆ ಸುತ್ತು ಬರುತ್ತದೆ. ದೊಡ್ಡ ಸೈಕಲ್ಲಿನ ಚಕ್ರ ಒಂದು ಸುತ್ತಿಗೆ ಸುಮಾರು 7 ಅಡಿ ಉರುಳುತ್ತದೆ. ಅಂದರೆ ಒಂದು ಸುತ್ತು ತುಳಿದರೆ 17–18 ಅಡಿ ಮುಂದೆ. ನಡೆದರೆ ಎರಡು ಹೆಜ್ಜೆಗೆ ನಾಲ್ಕೈದು ಅಡಿ ಅಷ್ಟೆ. ಸಂತೆಗೆ ಬುಟ್ಟಿ ಹೊತ್ತು ನಡೆಯುವವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಯಾವ ಸಿಂಗಾರ ಯಾತಕ್ಕೆ?

ಹೊಸ ಸೈಕಲ್ಲು ಆಗ ಹೆಚ್ಚಾಗಿ ಕರಿ ಬಣ್ಣದ್ದು. ಮೇಲೆ ಹೊಂಬಣ್ಣದ ಸಣ್ಣ ಗೆರೆ. ಊರಿನಲ್ಲಿ ಹತ್ತು ಸೈಕಲ್ಲಿದ್ದರೆ ಹತ್ತೂ ಒಂದೇ ಥರ. ತನ್ನದು ಬೇರೆ ಕಾಣಬೇಕು ಎಂಬ ಆಸೆ ಯಾರಿಗಿರುವುದಿಲ್ಲ? ಒಂದೇ ಅಂಗಡಿಯ ಸೀರೆಯಾದರೂ ಒಬ್ಬೊಬ್ಬರು ಉಡುವ ರೀತಿ ಬೇರೆ ಅಲ್ಲವೇ?

ಚಕ್ರದ ನಡುವೆ, ಹಬ್ಬಿನ ಸುತ್ತ, ಬಣ್ಣಬಣ್ಣದ ಕುಚ್ಚಿನ ಬಳೆ ಹಾಕಿರುವುದನ್ನು ನೋಡಿರುತ್ತೀರಿ. ಅದು ಬರೀ ಚೆಂದಕ್ಕೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಹಬ್ಬಿನ ಮೇಲೆ ಸಡಿಲವಾಗಿ ಕೂತಿರುತ್ತದೆ. ಚಕ್ರ ತಿರುಗಿದಂತೆ ಅದು ಹಬ್ಬನ್ನು ಉಜ್ಜುತ್ತಾ ಇರುತ್ತದೆ. ಧೂಳು, ಎಣ್ಣೆ ಜಿಡ್ಡು ಕೂರುವುದಿಲ್ಲ. ಹಬ್ಬು ತುಕ್ಕು ಹಿಡಿಯದೆ ಫಳಫಳ ಹೊಳೆಯುತ್ತದೆ. ದಾರಿಯುದ್ದಕ್ಕೂ ತಾನೇ ಒರೆಸಿಕೊಳ್ಳುವ ಮಸಿಬಟ್ಟೆ ಅದು! ಇದನ್ನು ಕಂಡುಹಿಡಿದವರು ಯಾರೋ, ಅವರಿಗೆ ಒರೆಸುವ ಕೆಲಸದ ಬೇಸರ ಚೆನ್ನಾಗಿ ಗೊತ್ತಿತ್ತು.

ಮಡ್‌ಗಾರ್ಡಿನ ತುದಿಯ ರಬ್ಬರಿನ ತುಂಡೂ ಹಾಗೆಯೇ. ಚಿತ್ರ ಚೆಂದಕ್ಕೆ. ರಬ್ಬರು ಕೆಸರಿಗೆ. ಮಳೆಗಾಲದಲ್ಲಿ ಚಕ್ರ ಎತ್ತಿ ಎಸೆಯುವ ಕೆಸರು ಕಾಲಿಗೆ ಹಾರದ ಹಾಗೆ ತಡೆಯುತ್ತದೆ.

ಕಡ್ಡಿಗಳಿಗೆ ಪ್ಲಾಸ್ಟಿಕ್ ಮಣಿ ಹಾಕುತ್ತಾರೆ. ಚಕ್ರ ತಿರುಗಿದರೆ ಟಿಕ್ ಟಿಕ್ ಎಂದು ಸದ್ದು. ಅದರಿಂದ ಏನೂ ಉಪಯೋಗವಿಲ್ಲ. ಮಕ್ಕಳು ಕುಣಿಯುತ್ತಾರೆ, ಅಷ್ಟು ಸಾಕು. ಇನ್ನು ಕೆಲವು ಹುಡುಗರು ಹಳೆಯ ಇಸ್ಪೀಟು ಎಲೆಯನ್ನು ಕಡ್ಡಿಗೆ ತಾಗುವ ಹಾಗೆ ಕ್ಲಿಪ್ಪು ಹಾಕಿ ಸಿಕ್ಕಿಸುತ್ತಿದ್ದರು. ಬರ್ರ್ ಎಂದು ಮೋಟಾರು ಸದ್ದು ಬರುತ್ತಿತ್ತು. ಪೆಟ್ರೋಲಿಲ್ಲದ ಬೈಕು!

ಫ್ರೇಮಿನ ಕೊಳವೆಗೆ ಬಣ್ಣದ ಟೇಪು, ರೆಕ್ಸಿನ್ನು ಸುತ್ತುವವರಿದ್ದಾರೆ. ಬಣ್ಣ ಕೆರೆಯದಿರಲಿ ಅಂತ. ಇಲ್ಲಿ ಒಂದು ಎಚ್ಚರ ಬೇಕು. ಮಳೆ ನೀರು ಅದರ ಸಂದಿಯಲ್ಲಿ ಇಳಿದರೆ ಹೊರಗೆ ಬರುವುದಿಲ್ಲ. ಒಳಗೊಳಗೇ ತುಕ್ಕು ಹಿಡಿಯುತ್ತದೆ. ಮೇಲೆ ನೋಡಿದರೆ ಸಿಂಗಾರ, ಒಳಗೆ ತೂತು. ಮಳೆಗಾಲ ಮುಗಿದ ಮೇಲೆ ಬಿಚ್ಚಿ, ಒಣಗಿಸಿ, ಒಂದಿಷ್ಟು ಎಣ್ಣೆ ಸವರಿ ಮತ್ತೆ ಸುತ್ತಬೇಕು.

ಕನ್ನಡಿ ಒಂದಿದ್ದರೆ ಒಳ್ಳೆಯದು. ಹಿಂದಿನಿಂದ ಬರುವ ಬಸ್ಸು ಕಾಣುತ್ತದೆ. ಆದರೆ ನಾಲ್ಕು ಕನ್ನಡಿ ಹಾಕಿಸಿಕೊಂಡವರನ್ನೂ ನಾವು ನೋಡಿದ್ದೇವೆ. ಅದು ಬಸ್ಸು ನೋಡುವುದಕ್ಕಲ್ಲ, ಕ್ರಾಪು ಬಾಚುವುದಕ್ಕೆ.

ಸಿಂಗಾರದಲ್ಲಿ ದೊಡ್ಡಸ್ತಿಕೆ ಎಂದರೆ ಡೈನಮೋ ದೀಪ. ಹಿಂದೆ ರಾತ್ರಿ ದೀಪವಿಲ್ಲದೆ ಸೈಕಲ್ಲು ಬಿಟ್ಟರೆ ಪೊಲೀಸರು ಹಿಡಿಯುತ್ತಿದ್ದರು. ಸೀಮೆಎಣ್ಣೆ ದೀಪ ನೇತುಹಾಕಿಕೊಂಡು ಹೋಗುವವರಿದ್ದರು. ಡೈನಮೋ ಬಂದ ಮೇಲೆ ಎಣ್ಣೆಯ ಗೊಡವೆ ತಪ್ಪಿತು. ಡೈನಮೋ ಸಣ್ಣ ಸೀಸೆಯ ಆಕಾರದ್ದು. ಅದರ ತಲೆಯನ್ನು ಟೈರಿಗೆ ಒತ್ತಿಸಿದರೆ ಟೈರಿನ ಜೊತೆ ಅದೂ ತಿರುಗುತ್ತದೆ. ಒಳಗೆ ಒಂದು ಆಯಸ್ಕಾಂತ, ಪಕ್ಕದಲ್ಲಿ ತಾಮ್ರದ ತಂತಿಯ ಸುರುಳಿ. ಆಯಸ್ಕಾಂತ ತಿರುಗಿದರೆ ತಂತಿಯಲ್ಲಿ ಕರೆಂಟು ಹುಟ್ಟುತ್ತದೆ. ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿ ನೀರಿನಿಂದ ದೊಡ್ಡ ಯಂತ್ರ ತಿರುಗಿಸಿ ಕರೆಂಟು ತೆಗೆದರು. ಅಲ್ಲಿ ನೀರು ಮಾಡುವ ಕೆಲಸವನ್ನು ಇಲ್ಲಿ ಕಾಲು ಮಾಡುತ್ತದೆ. ಜೋರಾಗಿ ತುಳಿದರೆ ಬೆಳಕು ಜೋರು. ನಿಧಾನ ಮಾಡಿದರೆ ಮಂಕು. ನಿಂತರೆ ಕತ್ತಲೆ. ಡೈನಮೋ ಒತ್ತಿದರೆ ತುಳಿಯುವುದು ಸ್ವಲ್ಪ ಭಾರ ಆಗುತ್ತದೆ. ಬೆಳಕು ಪುಕ್ಕಟೆ ಬರುವುದಿಲ್ಲ ನೋಡಿ.

ಹೊಟ್ಟೆಪಾಡಿನ ಸೈಕಲ್ಲು

ಎಲ್ಲರೂ ಚೆಂದಕ್ಕೇ ಸೈಕಲ್ಲನ್ನು ಬದಲಾಯಿಸುವುದಿಲ್ಲ. ಹಾಲಿನವರು ಕ್ಯಾರಿಯರಿನ ಎರಡೂ ಕಡೆ ಕೊಕ್ಕೆ ಹಾಕಿಸಿ ಕ್ಯಾನು ತೂಗುಹಾಕುತ್ತಾರೆ. ಚನ್ನರಾಯಪಟ್ಟಣದ ಕಡೆ ಎಳನೀರು ಗೊನೆ ಕಟ್ಟಿದ ಸೈಕಲ್ಲು ಬಂದರೆ ಸವಾರನ ತಲೆ ಮಾತ್ರ ಕಾಣುತ್ತಿತ್ತು. ಇಂಥವರು ಮುಂದಿನ ಫೋರ್ಕಿಗೆ ಎರಡು ಕಬ್ಬಿಣದ ಊರುಗೋಲು ಕೊಡಿಸುತ್ತಾರೆ. ಭಾರಕ್ಕೆ ಫೋರ್ಕು ಬಗ್ಗದಿರಲಿ ಅಂತ. ಚಾಕು ಕತ್ತರಿ ಸಾಣೆ ಹಿಡಿಯುವವರು ಇನ್ನೂ ಜಾಣರು. ಸೈಕಲ್ಲಿಗೆ ಸಾಣೆಕಲ್ಲು ಜೋಡಿಸಿ, ಸ್ಟ್ಯಾಂಡು ಹಾಕಿ, ಕೂತಲ್ಲೇ ಪೆಡಲ್ಲು ತುಳಿಯುತ್ತಾರೆ. ಸೈಕಲ್ಲು ಮುಂದೆ ಹೋಗುವುದಿಲ್ಲ, ಕಲ್ಲು ತಿರುಗುತ್ತದೆ. ಕಾಲಿಲ್ಲದವರಿಗೆ ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಸೈಕಲ್ಲು ಇದೆ. ಅಲ್ಲಿ ಪೆಡಲ್ಲು ಎದೆಯ ಎತ್ತರಕ್ಕೆ ಬಂದಿರುತ್ತದೆ. ಸೈಕಲ್ಲು ಯಾರಿಗೆ ಬೇಕೋ ಅವರ ಮೈಗೆ ತಕ್ಕಂತೆ ಅದು ಬದಲಾಗಬೇಕು. ಮೈಯನ್ನು ಸೈಕಲ್ಲಿಗೆ ತಕ್ಕಂತೆ ಬದಲಾಯಿಸಲು ಆಗುತ್ತದೆಯೇ?

ನಾಲ್ಕು ಜನ ನೋಡಲಿ

ಸಿಂಗಾರ ಮಾಡಿದ ಮೇಲೆ ನಾಲ್ಕು ಜನ ನೋಡಬೇಕು. ಅದಕ್ಕೆ ನಮ್ಮಲ್ಲಿ ಆಯುಧಪೂಜೆ ಇದೆ. ಬೆಳಿಗ್ಗೆಯೇ ಸೈಕಲ್ಲುಗಳನ್ನು ಕೆರೆಗೋ ಹೊಳೆಗೋ ಹೊಡೆದುಕೊಂಡು ಹೋಗುತ್ತಿದ್ದರು, ದನ ಮೈ ತೊಳೆಯಲು ಹೋದ ಹಾಗೆ. ಸೀಮೆಎಣ್ಣೆ ಹಚ್ಚಿ ಚೈನಿನ ಜಿಡ್ಡು ತೆಗೆದು, ಕೊಬ್ಬರಿ ಎಣ್ಣೆ ಸವರಿ ಹೊಳಪು ಬರಿಸುತ್ತಿದ್ದರು. ಆಮೇಲೆ ವಿಭೂತಿ, ಕುಂಕುಮ, ಚೆಂಡು ಹೂವಿನ ಹಾರ. ಹ್ಯಾಂಡಲ್ಲಿಗೆ ಬಾಳೆಕಂದು. ಚಕ್ರದ ಕೆಳಗೆ ನಿಂಬೆಹಣ್ಣು. ಬಾಡಿಗೆ ಸೈಕಲ್ಲಿನ ಅಂಗಡಿಯವರು ಬಣ್ಣದ ಕಾಗದದ ಸರ ಕಟ್ಟಿ, ಎಲ್ಲ ಸೈಕಲ್ಲುಗಳನ್ನೂ ಸಾಲಾಗಿ ನಿಲ್ಲಿಸುತ್ತಿದ್ದರು. ಗಂಟೆಗೆ ಇಷ್ಟು ಪೈಸೆ ಅಂತ ಬಾಡಿಗೆ ಕೊಡುವ ಆ ಅಂಗಡಿಗಳಲ್ಲೇ ನಮ್ಮೂರ ಹುಡುಗರೆಲ್ಲ ಸೈಕಲ್ಲು ಕಲಿತದ್ದು. ದೊಡ್ಡ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ 'ಒಳಪೆಡ್ಲು' ಹೊಡೆದು ಕಲಿತರು. ಹುಡುಗಿಯರಿಗೆ ಬಾಡಿಗೆಯ ಪೈಸೆ ಕೊಡುವವರು ಯಾರು?

ಊರ ಮೈದಾನದಲ್ಲಿ ಸೈಕಲ್ ಸರ್ಕಸ್ಸು ಬರುತ್ತಿತ್ತು. ಒಬ್ಬ ಮನುಷ್ಯ ಐದು ದಿನ, ಏಳು ದಿನ ಕೆಳಗಿಳಿಯದೆ ಸೈಕಲ್ಲು ತುಳಿಯುತ್ತಾ ಸುತ್ತುತ್ತಿದ್ದ. ಸೈಕಲ್ಲಿನ ಮೇಲೇ ಊಟ, ಸೈಕಲ್ಲಿನ ಮೇಲೇ ಸ್ನಾನ. ರಾತ್ರಿ ಮೈಕಿನಲ್ಲಿ ಹಾಡು. ಜನ ನೋಟನ್ನು ಪಿನ್ನು ಹಾಕಿ ಅವನ ಅಂಗಿಗೆ ಚುಚ್ಚುತ್ತಿದ್ದರು. ಅವನ ಸೈಕಲ್ಲಿನ ಸಿಂಗಾರ ನೋಡಿಯೇ ಊರಿನ ಹುಡುಗರು ಮುಂದಿನ ತಿಂಗಳು ತಮ್ಮ ಸೈಕಲ್ಲಿಗೂ ಅದನ್ನೇ ಕಟ್ಟುತ್ತಿದ್ದರು.

ವಾಹನಕ್ಕೆ ಚಿತ್ರ ಬರೆಸುವ ಹುಚ್ಚು ನಮ್ಮಲ್ಲಿ ಮಾತ್ರ ಅಲ್ಲ. ಬಾಂಗ್ಲಾದೇಶದ ಢಾಕಾ ನಗರದಲ್ಲಿ ಸೈಕಲ್ ರಿಕ್ಷಾಗಳ ಮೇಲೆ ನವಿಲು, ಹೂವು, ಸಿನಿಮಾ ತಾರೆಯರ ಚಿತ್ರ ಬರೆಯುವವರಿದ್ದಾರೆ. ಆ ಕಲೆಯನ್ನು 2023ರಲ್ಲಿ ಯುನೆಸ್ಕೋ ಸಂಸ್ಥೆ ಲೋಕದ ಹಿರಿಯ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಸೀರೆಯೂ ಚಕ್ರವೂ

"ಅಯ್ಯೋ, ಈ ವಯಸ್ಸಲ್ಲಿ ಸೈಕಲ್ಲಾ? ಸೀರೆ ಸಿಕ್ಕಾಕ್ಕೊಂಡು ಬಿದ್ರೆ ಏನ್ ಗತಿ ಕಣಕ್ಕ?" ಈ ಮಾತು ನಾವು ಊರೂರಲ್ಲೂ ಕೇಳಿದ್ದೇವೆ. ಇದು ಬರೀ ನಾಚಿಕೆಯ ಮಾತಲ್ಲ. ನಿಜವಾದ ಭಯ. ಸೆರಗು ಹಿಂದಿನ ಚಕ್ರದ ಕಡ್ಡಿಗೆ ಸಿಕ್ಕರೆ ಒಂದೇ ಕ್ಷಣದಲ್ಲಿ ಸುತ್ತಿಕೊಂಡು ಎಳೆಯುತ್ತದೆ. ಕುತ್ತಿಗೆಗೆ ಬಂದರೆ ಜೀವಕ್ಕೇ ಅಪಾಯ. ಹಿಂದೆ ಕೂತ ಮಗುವಿನ ಹಿಮ್ಮಡಿ ಕಡ್ಡಿಗೆ ಸಿಕ್ಕಿ ಗಾಯ ಆಗುವುದೂ ಉಂಟು.

ಲಂಗದ ತೊಂದರೆ ದೂರದ ದೇಶದ ಹೆಂಗಸರಿಗೂ ಇತ್ತು. ಎರಡು ಸಮಾನ ಚಕ್ರದ ಸೈಕಲ್ಲು ಇಂಗ್ಲೆಂಡಿನಲ್ಲಿ 1885ರಲ್ಲಿ ಬಂತು. ಗಾಳಿ ತುಂಬುವ ಟೈರು 1888ರಲ್ಲಿ ಬಂತು. ಅಲ್ಲಿಯ ಹೆಂಗಸರು ಆಗ ನೆಲ ಗುಡಿಸುವಷ್ಟು ಉದ್ದದ ಲಂಗ ಹಾಕುತ್ತಿದ್ದರು. ಅದಕ್ಕೇ ಹೆಂಗಸರ ಸೈಕಲ್ಲಿನಲ್ಲಿ ಅಡ್ಡ ಬಾರನ್ನು ತೆಗೆದು ಕೊಳವೆಯನ್ನು ಕೆಳಕ್ಕೆ ಇಳಿಸಿದರು. ಹಿಂದಿನ ಚಕ್ರಕ್ಕೆ ದಾರದ ಬಲೆ ಕಟ್ಟಿದರು.

1894ರಲ್ಲಿ ಅಮೆರಿಕದ ಬಾಸ್ಟನ್ ನಗರದಿಂದ ಮೂರು ಮಕ್ಕಳ ತಾಯಿಯೊಬ್ಬರು ಸೈಕಲ್ಲಿನಲ್ಲಿ ಲೋಕ ಸುತ್ತಲು ಹೊರಟರು. ಹೆಸರು ಆನಿ ಲಂಡನ್‌ಡೆರ್ರಿ. ನೀರು ಮಾರುವ ಒಂದು ಕಂಪನಿಯ ಹೆಸರು ಅದು. ಆ ಕಂಪನಿ 100 ಡಾಲರು ಕೊಟ್ಟಿತು. ಅದಕ್ಕೆ ಪ್ರತಿಯಾಗಿ ಆನಿ ತಮ್ಮ ಹೆಸರನ್ನೇ ಹಾಗೆ ಬದಲಾಯಿಸಿಕೊಂಡರು. ಹಿಂದಿನ ಚಕ್ರದ ಲಂಗದ ಗಾರ್ಡಿಗೆ ಕಂಪನಿಯ ಬೋರ್ಡು ಕಟ್ಟಿಕೊಂಡರು. ಸೈಕಲ್ಲೇ ಅವರಿಗೆ ಸಂಪಾದನೆ! ಹೊರಡುವಾಗ ಇದ್ದದ್ದು ಹೆಂಗಸರ ಸೈಕಲ್ಲು, ತೂಕ 19 ಕಿಲೋ. ಷಿಕಾಗೋ ತಲುಪುವಷ್ಟರಲ್ಲಿ ಸಾಕಾಗಿಹೋಯಿತು. ಅದನ್ನು ಬಿಟ್ಟು ಅದರ ಅರ್ಧ ತೂಕದ ಗಂಡಸರ ಸೈಕಲ್ಲು ಹಿಡಿದರು. ಉದ್ದ ಲಂಗ ಬಿಟ್ಟು ಚಲ್ಲಣ ಹಾಕಿದರು. ಹಡಗಿನಲ್ಲಿ ಅಷ್ಟು ದೂರ, ಸೈಕಲ್ಲಿನಲ್ಲಿ ಇಷ್ಟು ದೂರ, 1895ರಲ್ಲಿ ಸುತ್ತು ಮುಗಿಸಿ ಬಂದರು.

ಅಷ್ಟು ದೂರ ಯಾಕೆ? ನಮ್ಮ ಪಕ್ಕದ ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯನ್ನು ನೋಡಿ. 1991ರಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಆಗಿನ ಕಲೆಕ್ಟರ್ ಶೀಲಾ ರಾಣಿ ಚುಂಕತ್. ಅಕ್ಷರ ಕಲಿಸುವುದರ ಜೊತೆಗೆ ಸೈಕಲ್ಲನ್ನೂ ಕಲಿಸೋಣ ಎಂದು ಅವರು ಹೊರಟರು. ಕೂಲಿ ಹೆಂಗಸರು, ಕಲ್ಲು ಗಣಿಯ ಹೆಂಗಸರು, ಅಂಗನವಾಡಿಯವರು, ಶಾಲಾ ಶಿಕ್ಷಕಿಯರು ಎಲ್ಲ ಕಲಿತರು. 1992ರ ಮಹಿಳಾ ದಿನದ ಹೊತ್ತಿಗೆ 1,500ಕ್ಕೂ ಹೆಚ್ಚು ಹೆಂಗಸರು ಹ್ಯಾಂಡಲ್ಲಿಗೆ ಬಾವುಟ ಕಟ್ಟಿ, ಬೆಲ್ಲು ಬಾರಿಸುತ್ತಾ ಪುದುಕ್ಕೋಟ್ಟೈ ಪಟ್ಟಣದಲ್ಲಿ ಮೆರವಣಿಗೆ ಹೋದರು. ಪಟ್ಟಣದ ಜನ ಬೀದಿಯಲ್ಲಿ ನಿಂತು ನೋಡಿದರು. ಆ ಜಿಲ್ಲೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಳ್ಳಿ ಹೆಂಗಸರು ಸೈಕಲ್ಲು ಹತ್ತಿದರು ಎಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ.

ಅಲ್ಲಿ ಒಂದು ಸ್ವಾರಸ್ಯ ನಡೆಯಿತು. ಹೆಂಗಸರ ಸೈಕಲ್ಲು ಅಂಗಡಿಗಳಲ್ಲಿ ಸಾಕಾಗಲಿಲ್ಲ. ಹೆಂಗಸರು ಗಂಡಸರ ಸೈಕಲ್ಲನ್ನೇ ಹಿಡಿದರು. ಹಿಡಿದ ಮೇಲೆ ಕೆಲವರಿಗೆ ಅದೇ ಇಷ್ಟವಾಯಿತು. ಯಾಕೆ? ಸೀಟಿನಿಂದ ಹ್ಯಾಂಡಲ್ಲಿಗೆ ಹೋಗುವ ಅಡ್ಡ ಬಾರಿನ ಮೇಲೆ ಮಗುವನ್ನು ಕೂರಿಸಬಹುದು! ಯಾವ ಬಾರು ತಮಗೆ ಅಡ್ಡ ಎಂದು ಎಲ್ಲರೂ ಹೇಳುತ್ತಿದ್ದರೋ ಅದನ್ನೇ ಮಗುವಿನ ಆಸನ ಮಾಡಿಕೊಂಡರು. ಹಿಂದೆ ನೀರಿನ ಕೊಡ, ಮುಂದೆ ಮಗು, ನಡುವೆ ತಾಯಿ.

ನಮ್ಮ ಕರ್ನಾಟಕದಲ್ಲಿ 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ಲು ಕೊಡಲು ಸುರು ಮಾಡಿತು. ಆಮೇಲೆ ಗಂಡುಮಕ್ಕಳಿಗೂ ಕೊಟ್ಟರು. ಕೊರೋನಾ ಬಂದ ಮೇಲೆ ಹಂಚುವುದು ನಿಂತುಹೋಯಿತು. ಅಷ್ಟರಲ್ಲಿ ಎಷ್ಟೋ ಹಳ್ಳಿಗಳಲ್ಲಿ ಮೊದಲ ಸಲ ಹುಡುಗಿಯ ಹೆಸರಿಗೆ ಒಂದು ಸೈಕಲ್ಲು ಬಂದಿತ್ತು. ಶಾಲೆಯ ಅಂಗಳದಲ್ಲಿ ಸಾಲು ಸೈಕಲ್ಲು, ಎಲ್ಲವೂ ಒಂದೇ ಥರ. ತನ್ನದು ಯಾವುದು ಅಂತ ಗೊತ್ತಾಗಬೇಡವೇ? ಒಬ್ಬಳು ಹ್ಯಾಂಡಲ್ಲಿಗೆ ಜಡೆಯ ರಿಬ್ಬನ್ನು ಕಟ್ಟಿದಳು. ಒಬ್ಬಳು ಬೆಲ್ಲಿಗೆ ಉಗುರುಬಣ್ಣದಲ್ಲಿ ಚುಕ್ಕೆ ಇಟ್ಟಳು. ಇನ್ನೊಬ್ಬಳು ಹಳೆಯ ಬಳೆಗಳನ್ನು ಪೋಣಿಸಿ ಬುಟ್ಟಿಗೆ ನೇತುಹಾಕಿದಳು. ಅಮ್ಮನಿಗೆ ಸೈಕಲ್ಲು ಕಲಿಸಿದ ಹುಡುಗಿಯರೂ ಇದ್ದಾರೆ, ಸಂಜೆ ಹೊತ್ತು, ಊರ ಹೊರಗಿನ ಕಣದಲ್ಲಿ, ಯಾರೂ ನೋಡದ ಹಾಗೆ.

ನಮ್ಮ ಅಳತೆಗೆ

ಮನೆಯಲ್ಲಿ ನಿಂತಿರುವ ಸೈಕಲ್ಲನ್ನು ನಮ್ಮ ಅಳತೆಗೆ ತರುವುದು ಹೇಗೆ? ಮೊದಲು ಸೀಟು. ಕಲಿಯುವಾಗ ಸೀಟಿನ ಮೇಲೆ ಕೂತರೆ ಎರಡೂ ಕಾಲು ನೆಲಕ್ಕೆ ತಾಗಬೇಕು. ಕಲಿತ ಮೇಲೆ ಸ್ವಲ್ಪ ಏರಿಸಿ. ಪೆಡಲ್ಲು ಕೆಳಗೆ ಹೋದಾಗ ಕಾಲು ಹೆಚ್ಚುಕಡಿಮೆ ನೇರ ಆಗಬೇಕು. ಸೀಟು ತೀರಾ ತಗ್ಗಿದ್ದರೆ ಮಂಡಿ ನೋಯುತ್ತದೆ. ಎರಡೂ ಬ್ರೇಕು ಹಿಡಿದು ನೋಡಿ. ರಬ್ಬರು ಸವೆದಿದ್ದರೆ ಹೊಸದು ಹಾಕಿಸಿ. ಸಿಂಗಾರಕ್ಕೆ ಕೊಡುವ ಮೊದಲ ದುಡ್ಡು ಬ್ರೇಕಿಗೇ ಹೋಗಲಿ.

ಚೈನಿಗೆ ಕವರು ಇರಲೇಬೇಕು. ಹಿಂದಿನ ಚಕ್ರಕ್ಕೆ ಸೀರೆ ಗಾರ್ಡು ಬೇಕು. ಬೈಕುಗಳಿಗೆ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ಗಾರ್ಡು ಇರಬೇಕು ಎಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಸೈಕಲ್ಲಿಗೆ ನಾವೇ ನೋಡಿ ಹಾಕಿಸಿಕೊಳ್ಳಬೇಕು. ಇಲ್ಲವೇ ನಾವೇ ಹೆಣೆಯಬಹುದು. ಬುಟ್ಟಿ, ಬ್ಯಾಗು ಹೆಣೆಯುವ ಪ್ಲಾಸ್ಟಿಕ್ ವೈರು ಇದೆಯಲ್ಲ, ಅದೇ ಸಾಕು. ಹಿಂದಿನ ಮಡ್‌ಗಾರ್ಡಿನ ಎರಡೂ ಅಂಚಿಗೆ ಸೈಕಲ್ ಶಾಪಿನಲ್ಲಿ ಸಣ್ಣ ಸಣ್ಣ ತೂತು ಹಾಕಿಸಿ. ಅಚ್ಚಿನ ನಟ್ಟಿನ ಹತ್ತಿರ ಒಂದು ತೂತಿನ ತಗಡು ಸೇರಿಸಿ. ಮೇಲಿನ ತೂತಿನಿಂದ ಕೆಳಗಿನ ತಗಡಿಗೆ ವೈರನ್ನು ಬಿಗಿಯಾಗಿ ಎಳೆದು, ಬೀಸಣಿಗೆಯ ಹಾಗೆ ಹೆಣೆಯಿರಿ. ವೈರು ಕಡ್ಡಿಗೆ ತಾಗಬಾರದು. ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳಿ. ಸದ್ದು ಬಂದರೆ ಇನ್ನೂ ಬಿಗಿ ಬೇಕು ಅಂತ ಅರ್ಥ. ಎರಡು ಬಣ್ಣದ ವೈರು ಹಾಕಿದರೆ ಚೆಂದವೂ ಆಯಿತು, ಜೀವಕ್ಕೆ ಕಾವಲೂ ಆಯಿತು. ಗಾರ್ಡು ಇದ್ದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಒಂದಿಷ್ಟು ಎತ್ತಿ ಉಡಿ.

ಇನ್ನು ಹೆಸರು. ಚೈನ್ ಕವರನ್ನು ಸೋಪು ಹಾಕಿ ತೊಳೆಯಿರಿ. ಜಿಡ್ಡು ಇದ್ದರೆ ಬಣ್ಣ ಹಿಡಿಯುವುದಿಲ್ಲ. ಬಡಗಿಗಳು ಉಜ್ಜುವ ಉಪ್ಪುಕಾಗದದಿಂದ ಹಳೆಯ ಬಣ್ಣವನ್ನು ಮೆಲ್ಲಗೆ ಉಜ್ಜಿ. ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆಯಿರಿ, ಕಾಪಿ ಪುಸ್ತಕದಲ್ಲಿ ಇರುವ ಹಾಗೆ. ಅಕ್ಷರವನ್ನು ಮೊದಲು ಸೀಮೆಸುಣ್ಣದಲ್ಲೇ ಬರೆದು ನೋಡಿ. ನಿಮ್ಮ ಹೆಸರಿನಲ್ಲಿ ಒತ್ತಕ್ಷರ ಇದ್ದರೆ ಕೆಳಗೆ ಜಾಗ ಬಿಡಿ. ಪುಟ್ಟಮ್ಮ, ಲಕ್ಷ್ಮಮ್ಮ ಎಂಬ ಹೆಸರಿನವರು ಗೆರೆಯನ್ನು ಒಸಿ ಮೇಲಕ್ಕೆ ಎಳೆಯಬೇಕು. ಗೌರಿ, ಸುಮ, ಕಮಲ ಎನ್ನುವವರಿಗೆ ಆ ಕಷ್ಟವಿಲ್ಲ. ಚಿಕ್ಕ ಡಬ್ಬಿ ಎನಾಮಲ್ ಪೇಂಟು, ಒಂದು ಸಣ್ಣ ಕುಂಚ ಸಾಕು. ಕರಿ ಬಣ್ಣದ ಮೇಲೆ ಹಳದಿಯೋ ಬಿಳಿಯೋ ಎದ್ದು ಕಾಣುತ್ತದೆ. ಕುಂಚಕ್ಕೆ ಬಣ್ಣ ಕಡಿಮೆ ಹಚ್ಚಿಕೊಳ್ಳಿ, ಇಲ್ಲದಿದ್ದರೆ ಸೋರಿ ಇಳಿಯುತ್ತದೆ. ಒಂದು ಸಲ ಬರೆದದ್ದು ಪೂರ್ತಿ ಒಣಗಿದ ಮೇಲೆ ಅದರ ಮೇಲೇ ಇನ್ನೊಂದು ಸಲ ತಿದ್ದಿ. ನೆರಳಿನಲ್ಲಿ ಎರಡು ದಿನ ಬಿಡಿ. ಅಲ್ಲಿಯವರೆಗೆ ಕೋಳಿ, ಮಕ್ಕಳು ಎರಡೂ ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳಿ.